ಕುಗ್ಗಿದ ಕ್ಯಾಪ್ಟನ್, ಕಿಡ್ನಿಯ ಕಲ್ಲು

ಚಾರ್ಲ್ಸ್ ಮಾರ್ಟೆಲ್ ಅಮೆರಿಕದ ಸರಕು ಹಡಗಿನ ಕ್ಯಾಪ್ಟನ್. ಆರಡಿ ಒಂದಂಗುಲದ ಆಳು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಮೈಕೈ ನೋವು ಶುರುವಾಯಿತು. ಆಮೇಲೆ ಮೂಳೆಗಳು ಒಂದೊಂದಾಗಿ ಮುರಿಯತೊಡಗಿದವು, ಬೆನ್ನು ಬಾಗಿತು. 1926ರ ಹೊತ್ತಿಗೆ ಅವರು ಏಳು ಅಂಗುಲ ಕುಗ್ಗಿದ್ದರು! ಮೂತ್ರದಲ್ಲಿ ಬಿಳಿ ಮರಳಿನಂಥ ಪುಡಿ ಹೋಗುತ್ತಿತ್ತು. ಅದು ಅವರದೇ ಮೂಳೆಯಿಂದ ಕರಗಿ ಬಂದ ಸುಣ್ಣ, ಅಂದರೆ ಕ್ಯಾಲ್ಸಿಯಂ.

ಮೂಳೆ ಒಬ್ಬ ವೈದ್ಯರ ಪಾಲು, ಮೂತ್ರಪಿಂಡ ಇನ್ನೊಬ್ಬರ ಪಾಲು ಎಂದುಕೊಂಡಿದ್ದರೆ ಈ ಎರಡನ್ನೂ ಯಾರೂ ಒಟ್ಟಿಗೆ ನೋಡುತ್ತಿರಲಿಲ್ಲ. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಯೂಜಿನ್ ಡುಬೋಯ್ಸ್ ನೋಡಿದರು. ಅವರ ಅನುಮಾನ ಹೋದದ್ದು ಕುತ್ತಿಗೆಯ ಕಡೆಗೆ.

ಅಲ್ಲಿ, ಥೈರಾಯ್ಡ್‌ನ ಬೆನ್ನಿಗೆ ಅಂಟಿಕೊಂಡು, ಅಕ್ಕಿಕಾಳಿನಷ್ಟೇ ದೊಡ್ಡ ನಾಲ್ಕು ಗ್ರಂಥಿಗಳಿವೆ. ಹೆಸರು ಪ್ಯಾರಾಥೈರಾಯ್ಡ್. ತಮಾಷೆಯೆಂದರೆ ಇದನ್ನು ಇಂಗ್ಲೆಂಡಿನ ಅಂಗರಚನಾ ತಜ್ಞ ರಿಚರ್ಡ್ ಓವನ್ ಮೊದಲು ಗಮನಿಸಿದ್ದು ಲಂಡನ್ ಮೃಗಾಲಯದಲ್ಲಿ 1849ರಲ್ಲಿ ಸತ್ತ ನಮ್ಮ ಭಾರತದ ಘೇಂಡಾಮೃಗವೊಂದರಲ್ಲಿ. ಮನುಷ್ಯರಲ್ಲಿ ಇದನ್ನು ವಿವರಿಸಿ 1880ರಲ್ಲಿ ಹೆಸರಿಟ್ಟವರು ಸ್ವೀಡನ್ನಿನ ಐವರ್ ಸ್ಯಾಂಡ್‌ಸ್ಟ್ರಾಮ್. 1925ರಲ್ಲಿ ವಿಯೆನ್ನಾದ ಫೆಲಿಕ್ಸ್ ಮಂಡ್ಲ್, ಮೂಳೆ ಸವೆದಿದ್ದ ಟ್ರಾಮ್ ಕಂಡಕ್ಟರ್ ಒಬ್ಬನಿಗೆ ಗ್ರಂಥಿ ಸಾಲದೆಂದು ಭಾವಿಸಿ ಇನ್ನೊಂದನ್ನು ಕಸಿ ಮಾಡಿದರು. ಗುಣ ಕಾಣಲಿಲ್ಲ. ಕುತ್ತಿಗೆ ಬಿಚ್ಚಿ ಗೆಡ್ಡೆಯಾಗಿದ್ದ ಗ್ರಂಥಿಯನ್ನು ತೆಗೆದ ಮೇಲೆ ರೋಗಿ ಚೇತರಿಸಿಕೊಂಡ. ಲೆಕ್ಕ ತಿರುಗುಮುರುಗಾಗಿತ್ತು, ಅಷ್ಟೆ.

ದೇಹದಲ್ಲಿರುವ ಸುಮಾರು ಒಂದು ಕಿಲೋ ಕ್ಯಾಲ್ಸಿಯಂನಲ್ಲಿ ಶೇ 99 ಭಾಗ ಮೂಳೆಯ ಕಣಜದಲ್ಲೇ ಇರುತ್ತದೆ. ರಕ್ತದಲ್ಲಿ ಇರಬೇಕಾದದ್ದು ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ. ಅದಕ್ಕಿಂತ ಇಳಿದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಮೂಳೆಯಿಂದ ಒಂದಿಷ್ಟು ಬಿಡಿಸುತ್ತದೆ. ಸೋಸಿದ ಕ್ಯಾಲ್ಸಿಯಂ ಪೋಲಾಗದಂತೆ ಮರಳಿ ಹೀರಿಕೊಳ್ಳಲು ಕಿಡ್ನಿಗೂ ಸೂಚಿಸುತ್ತದೆ. ಗ್ರಂಥಿ ಗೆಡ್ಡೆಯಾದರೆ ಕಣಜದ ಬಾಗಿಲು ಮುಚ್ಚುವುದೇ ಇಲ್ಲ. ಕಿಡ್ನಿ ಎಷ್ಟು ಹೀರಿದರೂ ಮಿಕ್ಕದ್ದು ಮೂತ್ರಕ್ಕೆ ತುಳುಕಿ ಕಲ್ಲಾಗುತ್ತದೆ.

ಮಾರ್ಟೆಲ್‌ಗೆ ಆರು ಸಲ ಶಸ್ತ್ರಚಿಕಿತ್ಸೆಯಾದರೂ ಗೆಡ್ಡೆ ಸಿಗಲಿಲ್ಲ. ಅವರೇ ಅಂಗರಚನೆಯ ಪುಸ್ತಕಗಳನ್ನು ಓದಿ, ಎದೆಯೊಳಗೆ ಹುಡುಕಿ ಎಂದು ಹಟ ಹಿಡಿದರು ಎನ್ನುತ್ತಾರೆ. 1932ರಲ್ಲಿ ಬೋಸ್ಟನ್ನಿನಲ್ಲಿ ನಡೆದ ಏಳನೆಯದರಲ್ಲಿ ಅದು ಸಿಕ್ಕಿದ್ದು ಅಲ್ಲೇ. ಆದರೆ ಕಾಲ ಮಿಂಚಿತ್ತು. ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲನ್ನು ತೆಗೆದ ಬಳಿಕ, ಕೆಲವೇ ವಾರಗಳಲ್ಲಿ ತೀರಿಕೊಂಡರು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ವಿಟಮಿನ್ ಡಿ ಕೊನೆಗೆ ಚುರುಕಾಗುವುದು ಕಿಡ್ನಿಯಲ್ಲಿ ಎಂದು 1970ರಲ್ಲಿ ಕೇಂಬ್ರಿಜ್‌ನ ಫ್ರೇಸರ್ ಮತ್ತು ಕೋಡಿಚೆಕ್ ತೋರಿಸಿದರು. ಕಿಡ್ನಿ ಸೋತವರ ಮೂಳೆ ಮೆತ್ತಗಾಗುವುದಕ್ಕೆ ಒಂದು ಕಾರಣ ಹೀಗೆ ತಿಳಿಯಿತು. ಮೂಳೆಯೂ ಸುಮ್ಮನೆ ಕೂತಿಲ್ಲ. ಹೆಚ್ಚಾದ ಫಾಸ್ಫೇಟನ್ನು ಹೊರಹಾಕು ಎಂದು ಕಿಡ್ನಿಗೆ ಹೇಳುವ ಎಫ್‌ಜಿಎಫ್23 ಎಂಬ ಹಾರ್ಮೋನನ್ನು ಅದೇ ತಯಾರಿಸುತ್ತದೆ.

ಕಿಡ್ನಿಯಲ್ಲಿ ಕಲ್ಲೆಂದರೆ ನಮ್ಮಲ್ಲಿ ಮೊದಲು ಬಾಳೆದಿಂಡಿನ ರಸ ನೆನಪಾಗುತ್ತದೆ. ಇರಲಿ. ಕಲ್ಲು ಮತ್ತೆ ಮತ್ತೆ ಬರುತ್ತಿದ್ದರೆ ಮಾತ್ರ, ರಕ್ತದ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನಿನ ಮಟ್ಟ ಪರೀಕ್ಷಿಸಬೇಕೇ ಎಂದು ವೈದ್ಯರನ್ನು ಒಮ್ಮೆ ಕೇಳಿ.