ಅಕ್ಕಿ ಡಬ್ಬಿಯಲ್ಲಿ ನೆರೆಮನೆಯ ಪಾಲೂ ಇರಲಿ

ಮಳೆ ಹಿಡಿಯುವ ಮೊದಲೇ ನಮ್ಮ ಉಮ್ಮಂದಿರು ಒಣಮೀನು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಮಣ್ಣು ಮೆತ್ತಿದ ಹಲಸಿನ ಬೀಜ ತಯಾರು ಮಾಡಿ ಇಡುತ್ತಿದ್ದರು. ಜೂನ್, ಜುಲೈಯಲ್ಲಿ ದೊಡ್ಡ ಬೋಟುಗಳು ಕಡಲಿಗಿಳಿಯುವುದಿಲ್ಲವಲ್ಲ! ಈಗ ಅಂಗಡಿ ಹತ್ತಿರವಿದೆ ಅಂತ ನಾವು ಅದನ್ನೆಲ್ಲ ಬಿಟ್ಟೆವು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಅಕ್ಕಿಗಾಗಿ ಪೇಚಾಡಿದ್ದು ಮರೆತಿಲ್ಲ ತಾನೇ?

ಯೂಸುಫ್ ನೆಬಿ (ಅ) ಅವರ ಚರಿತ್ರೆಯನ್ನು ನಾವು ಮದ್ರಸದಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಏಳು ವರ್ಷ ಬೆಳೆದದ್ದರಲ್ಲಿ ಉಣ್ಣುವಷ್ಟು ತೆಗೆದು, ಉಳಿದದ್ದನ್ನು ತೆನೆಯಲ್ಲೇ ಬಿಡಲು ಅವರು ಹೇಳಿದ್ದರು. ಬರಗಾಲದಲ್ಲಿ ಅದೇ ಜನರನ್ನು ಕಾಪಾಡಿತು.

ಹಾಗಂತ ಸಾಲ ಮಾಡಿ ಒಮ್ಮೆಲೇ ತುಂಬಿಸಬೇಡಿ. ವಾರಕ್ಕೊಂದು ಕೆ.ಜಿ. ಹೆಚ್ಚು ತನ್ನಿ. ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಕೆ.ಜಿ.ಯಂತೆ 10 ದಿನಕ್ಕೆ 15 ಕೆ.ಜಿ. ಕುಚ್ಚಲಕ್ಕಿ ಬೇಕು. ಜೊತೆಗೆ ಹೆಸರು, ಹುರುಳಿ, ಉಪ್ಪು, ತೆಂಗಿನೆಣ್ಣೆ ಇರಲಿ. ಡಬ್ಬಿ ಚೆನ್ನಾಗಿ ಒಣಗಿರಲಿ, ನೆಲದಿಂದ ಮೇಲಿರಲಿ. ಹಳೆಯದನ್ನು ಮೊದಲು ಬೇಯಿಸಿ, ಖಾಲಿಯಾದಷ್ಟು ಹೊಸತು ತುಂಬಿಸ್ತಾ ಇರಿ.

ಬೆಲೆ ಏರಲಿ ಅಂತ ಕೂಡಿಡುವುದು ಬೇರೆ, ಅದನ್ನು ದೀನ್ ಒಪ್ಪುವುದಿಲ್ಲ. ಇದು ಹಸಿವಿಗಾಗಿ ಇಟ್ಟದ್ದು. ಪಕ್ಕದ ಮನೆಯ ಒಲೆ ಉರಿಯದಿದ್ದರೆ ಅವರು ಬಾಯಿಬಿಟ್ಟು ಕೇಳುವ ಮೊದಲೇ ಒಂದು ಸೇರು ಅಲ್ಲಿಗೆ ತಲುಪಲಿ.