ಫೋಟೊದಲ್ಲಿ ಫೋನಿನ ಗಾಜು ಹೊಳೆಯುತ್ತಿದ್ದರೆ ಅದು ಅಸಲಿಯೇ?

ಫ್ಯಾಮಿಲಿ ಗ್ರೂಪಿನಲ್ಲಿ ಇಂಥದ್ದೊಂದು ಫೋಟೊ ನಿಮಗೂ ಬಂದಿರಬಹುದು. ಕಪ್ಪು ಅಂಚಿನ ಒಂದು ಫೋನು. ಅದರ ಪರದೆಯ ಮೇಲೆ ‘ನಿಮ್ಮ ಖಾತೆಗೆ 25,000 ರೂಪಾಯಿ ಜಮಾ ಆಗಿದೆ’ ಎಂಬ ಸಾಲು. ಮೇಲಿನ ಮೂಲೆಯಿಂದ ಓರೆಯಾಗಿ ಇಳಿದು ಬಂದ ಬಿಳಿ ಹೊಳಪು. ಕೆಳಗೆ ಒಂದು ಲಿಂಕು, ‘ನಮಗೆ ಬಂತು, ನೀವೂ ಒತ್ತಿ ನೋಡಿ’ ಎಂಬ ಮಾತು. ಯಾರಾದರೂ ‘ಇದು ಫೇಕ್’ ಎಂದರೆ ಕೂಡಲೇ ಉತ್ತರ ಸಿದ್ಧ: ‘ಸ್ಕ್ರೀನ್‌ಶಾಟ್ ಆಗಿದ್ದರೆ ಎಡಿಟ್ ಮಾಡಬಹುದಿತ್ತು. ಇದು ಕ್ಯಾಮೆರಾದಲ್ಲಿ ತೆಗೆದ ಫೋಟೊ. ಗಾಜಿನ ಮೇಲೆ ಬೆಳಕು ಬಿದ್ದಿರುವುದು ಕಾಣುತ್ತಿಲ್ಲವೇ?’

ಕಾಣುತ್ತಿದೆ, ನಿಜ. ಆದರೆ ಆ ಬೆಳಕು ಗಾಜಿನ ಮೇಲೆ ಬಿದ್ದದ್ದೇ ಆಗಿರಬೇಕಿಲ್ಲ. ಫೋಟೊ ಎಡಿಟಿಂಗ್ ಸಾಫ್ಟ್‌ವೇರ್ ಕಲಿಯುವವರು ಮೊದಲ ವಾರದಲ್ಲೇ ಮಾಡಿ ನೋಡುವ ಕಸರತ್ತುಗಳಲ್ಲಿ ಈ ‘ಗ್ಲಾಸ್ ಎಫೆಕ್ಟ್’ ಕೂಡ ಒಂದು. ಅದನ್ನು ಹೇಗೆ ಮಾಡುತ್ತಾರೆ ಎಂದು ಒಮ್ಮೆ ತಿಳಿದುಕೊಂಡರೆ ಇಂಥ ಫೋಟೊ ನೋಡುವ ನಿಮ್ಮ ಕಣ್ಣೇ ಬದಲಾಗುತ್ತದೆ.

ನಮ್ಮ ಕಣ್ಣು ಯಾಕೆ ನಂಬುತ್ತದೆ?

ಒಂದು ವಸ್ತು ಸ್ಟೀಲೋ, ಗಾಜೋ, ಒದ್ದೆ ನೆಲವೋ ಎಂಬುದನ್ನು ನಾವು ಮುಟ್ಟಿ ನೋಡಿ ತಿಳಿಯುವುದು ಕಡಿಮೆ. ಹೊಳಪು ನೋಡಿಯೇ ಗುರುತಿಸುತ್ತೇವೆ. ನುಣುಪಾದ ಮೇಲ್ಮೈ ಸುತ್ತಲಿನ ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ, ಹೀಗಾಗಿ ಅದರ ಮೇಲೆ ಕಿಟಕಿಯದೋ ಟ್ಯೂಬ್‌ಲೈಟಿನದೋ ಬಿಳಿ ಗುರುತು ಮೂಡುತ್ತದೆ. ಈ ಲೆಕ್ಕಾಚಾರವನ್ನು ಮಿದುಳು ನಮ್ಮನ್ನು ಕೇಳದೆಯೇ ಮಾಡಿ ಮುಗಿಸುತ್ತದೆ. ಚಿತ್ರಕಾರರಿಗೆ ಇದು ನೂರಾರು ವರ್ಷಗಳಿಂದ ಗೊತ್ತು. ಲೋಟದ ಚಿತ್ರದ ಮೇಲೆ ಒಂದು ಬಿಳಿ ಗೆರೆ ಎಳೆದರೆ ಸಾಕು, ಅದು ಗಾಜಿನ ಲೋಟವಾಗಿಬಿಡುತ್ತದೆ.

ನಿಜವಾದ ಗಾಜು ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ? ನಾವು ಅಂದುಕೊಂಡಿರುವುದಕ್ಕಿಂತ ಬಹಳ ಕಡಿಮೆ. ಬೆಳಕು ನೇರವಾಗಿ ಬಿದ್ದರೆ ಸಾಮಾನ್ಯ ಗಾಜಿನ ಒಂದು ಮೇಲ್ಮೈಯಿಂದ ಹಿಂದಿರುಗುವುದು ಸುಮಾರು ಶೇ 4ರಷ್ಟು ಮಾತ್ರ. ಓರೆಯಾಗಿ ಬಿದ್ದಷ್ಟೂ ಇದು ಹೆಚ್ಚುತ್ತದೆ: 60 ಡಿಗ್ರಿ ಓರೆಯಲ್ಲಿ ಸುಮಾರು ಶೇ 9, 80 ಡಿಗ್ರಿಯಲ್ಲಿ ಶೇ 39ರ ಹತ್ತಿರ. ಅದಕ್ಕೇ ಮೇಜಿನ ಮೇಲೆ ಮಲಗಿಸಿದ ಫೋನನ್ನು ಪಕ್ಕದಿಂದ ನೋಡಿದರೆ ಕನ್ನಡಿಯಂತೆ ಕಾಣುತ್ತದೆ, ಕೈಯಲ್ಲಿ ನೇರವಾಗಿ ಹಿಡಿದರೆ ಅಕ್ಷರ ಸಲೀಸಾಗಿ ಓದಬಹುದು.

ಇನ್ನೊಂದು ವಿಷಯ ನೀವೇ ಪರೀಕ್ಷಿಸಬಹುದು. ಫೋನ್ ಆಫ್ ಇದ್ದಾಗ ಪರದೆಯಲ್ಲಿ ನಿಮ್ಮ ಮುಖ ಚೆನ್ನಾಗಿ ಕಾಣುತ್ತದೆ. ಒಂದು ಬಿಳಿ ಪುಟ ತೆರೆಯಿರಿ, ಮುಖ ಬಹುತೇಕ ಮಾಯ. ಪ್ರತಿಬಿಂಬ ಎಲ್ಲಿಗೂ ಹೋಗಿಲ್ಲ. ಪರದೆಯ ಬೆಳಕಿನ ಮುಂದೆ ಅದು ಲೆಕ್ಕಕ್ಕೆ ಬರುತ್ತಿಲ್ಲ, ಅಷ್ಟೇ. ಹೊಳಪು ಎದ್ದು ಕಾಣುವುದು ಕಪ್ಪು ಜಾಗದಲ್ಲಿ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೊಳಪು ಬರೆಯುವುದು ಹೇಗೆ?

ಗಿಂಪ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ್ದು, ಇಂದಿಗೂ ಬೆಳೆಯುತ್ತಿದೆ. ಕಂಪ್ಯೂಟರ್ ಇದ್ದರೆ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಫೋಟೊಶಾಪ್‌ನಲ್ಲೂ ವಿಧಾನ ಇದೇ, ಮೆನುಗಳು ಇರುವ ಜಾಗ ಮಾತ್ರ ಬೇರೆ.

ಮೊದಲು ಒಂದು ಸ್ಕ್ರೀನ್‌ಶಾಟ್ ತೆರೆಯಿರಿ. ಅದರ ಮೇಲೆ ಒಂದು ಹೊಸ ಪಾರದರ್ಶಕ ಲೇಯರ್ ಸೇರಿಸಿ. ಲೇಯರ್ ಎಂದರೆ ಫೋಟೊದ ಮೇಲೆ ಹಾಸಿದ ಪ್ಲಾಸ್ಟಿಕ್ ಹಾಳೆ ಇದ್ದ ಹಾಗೆ, ಅದರ ಮೇಲೆ ಏನು ಬರೆದರೂ ಕೆಳಗಿನ ಚಿತ್ರ ಹಾಳಾಗುವುದಿಲ್ಲ. ಈಗ ಸೆಲೆಕ್ಷನ್ ಟೂಲ್ ಹಿಡಿದು ಪರದೆಯ ಮೇಲಿನ ಅರ್ಧ ಭಾಗವನ್ನು ಓರೆಯಾಗಿ ಆರಿಸಿಕೊಳ್ಳಿ. ಓರೆ ಬೇಡವೆಂದರೆ ಒಂದು ದೊಡ್ಡ ಅಂಡಾಕಾರ ಎಳೆದು ಅದರ ಕೆಳಗಿನ ಬಾಗು ಪರದೆಯ ನಡುವೆ ಹಾಯುವಂತೆ ಇಡಿ. ಮುಂದಿನ ಬಣ್ಣ ಬಿಳಿ ಇರಲಿ. ಗ್ರೇಡಿಯಂಟ್ ಟೂಲ್‌ನಲ್ಲಿ ‘ಬಿಳಿಯಿಂದ ಪಾರದರ್ಶಕ’ ಎಂಬ ಆಯ್ಕೆ ಮಾಡಿ ಮೇಲಿಂದ ಕೆಳಕ್ಕೆ ಎಳೆದುಬಿಡಿ. ಕೊನೆಗೆ ಲೇಯರಿನ ಒಪ್ಯಾಸಿಟಿಯನ್ನು ಶೇ 25-30ಕ್ಕೆ ಇಳಿಸಿ.

ಮುಗಿಯಿತು. ಕೈ ಪಳಗಿದವರಿಗೆ ಐದು ನಿಮಿಷದ ಕೆಲಸ. ಹೊಸಬರು ಸಾಮಾನ್ಯವಾಗಿ ಒಪ್ಯಾಸಿಟಿಯನ್ನು 60-70ರಲ್ಲೇ ಬಿಟ್ಟುಬಿಡುತ್ತಾರೆ. ಆಗ ಅದು ಗಾಜಿನಂತೆ ಕಾಣದೆ ಟಿಫಿನ್ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳದಂತೆ ಕಾಣುತ್ತದೆ.

ಒಳಗೆ ನಡೆಯುವ ಲೆಕ್ಕ ಬಹಳ ಸರಳ. ಕಂಪ್ಯೂಟರಿನಲ್ಲಿ ಕಪ್ಪು ಅಂದರೆ 0, ಬಿಳಿ ಅಂದರೆ 255. ಶೇ 30ರ ಬಿಳಿ ಪದರ ಹಾಕಿದರೆ 0 ಇದ್ದ ಜಾಗ ಸುಮಾರು 77ಕ್ಕೆ ಏರುತ್ತದೆ. 200 ಇದ್ದದ್ದು 217ರ ಹತ್ತಿರ ಬರುತ್ತದೆ. 255 ಇದ್ದದ್ದು 255ರಲ್ಲೇ ಉಳಿಯುತ್ತದೆ. ಅಂದರೆ ಕಪ್ಪಿನ ಮೇಲೆ ಹೊಳಪು ಎದ್ದು ಕಾಣುತ್ತದೆ, ಬಿಳಿಯ ಮೇಲೆ ಕಾಣುವುದೇ ಇಲ್ಲ. ಅಸಲಿ ಗಾಜೂ ಹೀಗೇ ವರ್ತಿಸುವುದನ್ನು ಆಗಲೇ ನೋಡಿದೆವಲ್ಲ, ಈ ನಕಲು ಅಷ್ಟು ಚೆನ್ನಾಗಿ ಕುದುರುವುದು ಇದರಿಂದಲೇ.

ಇನ್ನೂ ಜಾಣರಾದವರು ಬಿಳಿ ಗ್ರೇಡಿಯಂಟ್ ಬದಲು ನಿಜವಾದ ಕಿಟಕಿಯ ಫೋಟೊವನ್ನೇ ಲೇಯರಿಗೆ ಹಾಕಿ, ಅದರ ಮೋಡ್ ಅನ್ನು ‘ಸ್ಕ್ರೀನ್’ ಎಂದು ಬದಲಿಸುತ್ತಾರೆ. ಆಗ ಆ ಫೋಟೊದ ಕಪ್ಪು ಭಾಗಗಳು ಮಾಯವಾಗಿ ಬೆಳಕಿನ ಭಾಗ ಮಾತ್ರ ಉಳಿಯುತ್ತದೆ. ಕಿಟಕಿಯ ಸರಳುಗಳ ಸಮೇತ ಪ್ರತಿಬಿಂಬ ಸಿದ್ಧ.

ಇದು ಮೋಸಕ್ಕೆಂದೇ ಹುಟ್ಟಿದ್ದಲ್ಲ

ಆಪಲ್ ಕಂಪನಿ 2000ದಲ್ಲಿ ತೋರಿಸಿದ ‘ಆಕ್ವಾ’ ವಿನ್ಯಾಸದಲ್ಲಿ ಬಟನ್‌ಗಳು ನೀರಹನಿಯಂತೆ ಹೊಳೆಯುತ್ತಿದ್ದವು. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಲ್ಲಿ ಕಿಟಕಿಗಳ ಅಂಚು ಗಾಜಿನದಾಯಿತು. ಹಳೆಯ ಐಫೋನುಗಳಂತೂ ಆ್ಯಪ್‌ಗಳ ಐಕಾನ್ ಮೇಲೆ ತಾವಾಗಿಯೇ ಹೊಳಪು ಬಳಿಯುತ್ತಿದ್ದವು. ಬೇಡವೆಂದರೆ ಆ್ಯಪ್ ಮಾಡಿದವರು ಹಾಗೆಂದು ಬರೆದು ತಿಳಿಸಬೇಕಿತ್ತು! 2013ರ ಐಒಎಸ್ 7ರಲ್ಲಿ ಆ ಹೊಳಪನ್ನೆಲ್ಲ ಒರೆಸಿ ಹಾಕಿದರು. 2025ರಲ್ಲಿ ‘ಲಿಕ್ವಿಡ್ ಗ್ಲಾಸ್’ ಎಂಬ ಹೆಸರಿನಲ್ಲಿ ಗಾಜು ಮತ್ತೆ ಬಂದಿದೆ. ಫೋನಿನ ಜಾಹೀರಾತುಗಳಲ್ಲೂ ಪರದೆಯ ಚಿತ್ರವನ್ನು ಆಮೇಲೆ ಅಂಟಿಸುವುದು ಮಾಮೂಲು. ಹಾಗೆಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ನಾವು ಓದುವುದಿಲ್ಲ.

ಬರೆದ ಹೊಳಪನ್ನು ಗುರುತಿಸಬಹುದೇ?

ಕೆಲವೊಮ್ಮೆ. ನೋಡಬೇಕಾದ ಮೊದಲ ಜಾಗ ಪರದೆಯ ಸುತ್ತಲಿನ ಕಪ್ಪು ಅಂಚು. ಇಂದಿನ ಫೋನುಗಳಲ್ಲಿ ಪರದೆಯನ್ನೂ ಆ ಅಂಚನ್ನೂ ಒಂದೇ ಗಾಜು ಮುಚ್ಚಿರುತ್ತದೆ. ಹೀಗಾಗಿ ನಿಜವಾದ ಪ್ರತಿಬಿಂಬ ಅಂಚಿನ ಮೇಲೂ ಹರಿಯಬೇಕು. ಅಲ್ಲಿ ಕಪ್ಪು ಇರುವುದರಿಂದ ಇನ್ನೂ ಸ್ಪಷ್ಟವಾಗಿಯೇ ಕಾಣಬೇಕು. ಹೊಳಪು ಚಿತ್ರ ಮುಗಿಯುವಲ್ಲಿಗೆ ಕತ್ತರಿಸಿದಂತೆ ನಿಂತಿದ್ದರೆ ಅದು ಬರೆದದ್ದು ಎನ್ನಬಹುದು. ಈಗಲೇ ನಿಮ್ಮ ಫೋನನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿ, ಗೊತ್ತಾಗುತ್ತದೆ.

ಎರಡನೆಯದು ಹೊಳಪಿನ ಗೆರೆ. ಕನ್ನಡಿಯಲ್ಲಿ ಪ್ರತಿಬಿಂಬ ಇರುವುದು ಕನ್ನಡಿಯ ಮೇಲಲ್ಲ, ವಸ್ತು ಎಷ್ಟು ದೂರ ಮುಂದಿದೆಯೋ ಅಷ್ಟೇ ದೂರ ಹಿಂದೆ. ಕ್ಯಾಮೆರಾ ಹತ್ತಿರದಿಂದ ಪರದೆಯ ಅಕ್ಷರಗಳಿಗೆ ಫೋಕಸ್ ಆಗಿದ್ದರೆ ಎರಡು ಮೀಟರ್ ಆಚೆಗಿನ ಕಿಟಕಿಯ ಪ್ರತಿಬಿಂಬ ತುಸುವಾದರೂ ಮಸುಕಾಗಿರಬೇಕು. ಅಕ್ಷರವೂ ಚೂಪು, ಹೊಳಪಿನ ಅಂಚೂ ಬ್ಲೇಡಿನಿಂದ ಕೊಯ್ದಂತೆ ಚೂಪು ಎಂದಾದರೆ ಅನುಮಾನಕ್ಕೆ ಕಾರಣವಿದೆ. ಇನ್ನು ಪರದೆಯನ್ನು ಕ್ಯಾಮೆರಾದಲ್ಲಿ ತೆಗೆದಾಗ ಎಷ್ಟೋ ಸಲ ಅಲೆಅಲೆಯಾದ ಬಣ್ಣದ ಪಟ್ಟಿಗಳು ಮೂಡುತ್ತವೆ, ಬೆರಳಚ್ಚು, ಧೂಳು ಕಾಣುತ್ತವೆ. ಎಡಿಟ್ ಮಾಡಿದ್ದು ಮದುವೆಗೆ ಹೊರಟಂತೆ ಶುಭ್ರವಾಗಿರುತ್ತದೆ.

ಆದರೆ ಈ ಲಕ್ಷಣಗಳು ಕಾಣಲಿಲ್ಲ ಎಂದ ಮಾತ್ರಕ್ಕೆ ಫೋಟೊ ಅಸಲಿ ಎಂದು ಹೇಳಲಾಗದು. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳಿಸುವಾಗ ಸೂಕ್ಷ್ಮ ವಿವರಗಳು ಅಳಿಸಿಹೋಗುತ್ತವೆ. ಎಐ ಟೂಲ್‌ಗಳು ಈಗ ಧೂಳು, ಬೆರಳಚ್ಚು ಎಲ್ಲವನ್ನೂ ಸೇರಿಸಿಯೇ ಚಿತ್ರ ಕೊಡಬಲ್ಲವು.

ಎಲ್ಲಕ್ಕಿಂತ ಸುಲಭದ ಮೋಸಕ್ಕೆ ಎಡಿಟಿಂಗಿನ ಹೊಳಪೇ ಬೇಕಿಲ್ಲ. ಸುಳ್ಳು ಸ್ಕ್ರೀನ್‌ಶಾಟ್ ಒಂದನ್ನು ಫೋನಿನಲ್ಲಿ ಪೂರ್ತಿ ಪರದೆಗೆ ತೆರೆದು ಇನ್ನೊಂದು ಫೋನಿನಿಂದ ಫೋಟೊ ತೆಗೆದರೆ ಸಾಕು. ಗಾಜು ಅಸಲಿ, ಪ್ರತಿಬಿಂಬ ಅಸಲಿ, ಬೆರಳಚ್ಚೂ ಅಸಲಿ. ಒಳಗಿನ ಮೊತ್ತ ಮಾತ್ರ ಸುಳ್ಳು. ‘ಗಾಜಿನ ಮೇಲೆ ಬೆಳಕು ಕಾಣುತ್ತಿದೆ, ಹಾಗಾಗಿ ನಿಜ’ ಎಂಬ ವಾದ ಇಲ್ಲಿಗೆ ಪೂರ್ತಿ ಕುಸಿಯುತ್ತದೆ. ಕ್ಯಾಮೆರಾ ಸಾಕ್ಷಿ ಹೇಳುವುದು ಇಷ್ಟಕ್ಕೇ: ಆ ಹೊತ್ತಿನಲ್ಲಿ ಆ ಪರದೆಯ ಮೇಲೆ ಆ ಚುಕ್ಕೆಗಳು ಬೆಳಗುತ್ತಿದ್ದವು.

ಅಂಗಡಿ ಇಟ್ಟುಕೊಂಡವರಿಗೆ ಈ ಮಾತು ಇನ್ನಷ್ಟು ಮುಖ್ಯ. ‘ಪೇಮೆಂಟ್ ಸಕ್ಸಸ್’ ಎಂದು ಹಸಿರು ಟಿಕ್ ತೋರಿಸುವ ನಕಲಿ ಆ್ಯಪ್‌ಗಳೂ ಇವೆ. ಅಲ್ಲಿ ಫೋಟೊ ಕೂಡ ಅಲ್ಲ, ಗಿರಾಕಿ ತನ್ನ ಫೋನನ್ನೇ ನಿಮ್ಮ ಕಣ್ಣೆದುರು ಹಿಡಿಯುತ್ತಾನೆ. ಆದ್ದರಿಂದ ಅವರ ಪರದೆ ನೋಡಬೇಡಿ, ನಿಮ್ಮ ಖಾತೆ ನೋಡಿ. ನಿಮ್ಮ ಆ್ಯಪ್‌ನ ವಹಿವಾಟಿನ ಪಟ್ಟಿಯಲ್ಲಿ ಹಣ ಕಂಡರೆ ಅಥವಾ ನಿಮ್ಮ ಸೌಂಡ್‌ಬಾಕ್ಸ್ ಮೊತ್ತ ಹೇಳಿದರೆ ಬಂದಿದೆ, ಇಲ್ಲವಾದರೆ ಬಂದಿಲ್ಲ. ಸಂತೆಯ ದಿನ ಜನ ಮುಗಿಬಿದ್ದಾಗ ಹತ್ತು ಸೆಕೆಂಡ್ ಕಾಯಿಸುವುದು ಮುಜುಗರ ಅನ್ನಿಸಬಹುದು, ಕಾಯಿಸಿ. ಇಂಥ ಫೋಟೊ ನಂಬಿ ಲಿಂಕ್ ಒತ್ತಿ ಈಗಾಗಲೇ ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ದೂರು ಮುಟ್ಟಿದರೆ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಆ ಫೋಟೊ, ಲಿಂಕು, ಬಂದ ನಂಬರು ಯಾವುದನ್ನೂ ಡಿಲೀಟ್ ಮಾಡಬೇಡಿ, ದೂರಿನ ಜೊತೆ ಕೊಡಬೇಕಾಗುತ್ತದೆ.