ಸೋತವರ ಪರ ನಿಲ್ಲುವ ಯುದ್ಧಕಾವ್ಯ

ಯುದ್ಧಕಾವ್ಯವೆಂದರೆ ಗೆದ್ದವರ ಹೊಗಳಿಕೆ ಎಂಬ ಮಾತನ್ನು ಮುಧೋಳದ ನೆಲವೇ ಅಲ್ಲಗಳೆಯುತ್ತದೆ. ಇಲ್ಲಿ ಹುಟ್ಟಿದ ರನ್ನ ‘ಗದಾಯುದ್ಧ’ದಲ್ಲಿ ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿದ. ಆದರೂ ಓದುಗರ ಮನ ಕಲಕುವವನು ರಣರಂಗದ ಹೆಣಗಳ ನಡುವೆ ನಡೆಯುವ ದುರ್ಯೋಧನ. ಅವನು ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯಕ್ಕೂ ತಲೆಬಾಗುತ್ತಾನೆ. ಆಸ್ಥಾನದ ಕವಿಗೂ ಎದುರಾಳಿಯ ಸಂಕಟ ಕಂಡಿತೆಂಬುದೇ ಕಾವ್ಯದ ನ್ಯಾಯ.

ಇದೇ ನ್ಯಾಯ ಮುಧೋಳ ತಾಲ್ಲೂಕಿನ ಹಲಗಲಿಯ ಲಾವಣಿಯಲ್ಲೂ ಇದೆ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಬ್ರಿಟಿಷರ ಆಜ್ಞೆಯನ್ನು ಧಿಕ್ಕರಿಸಿದ ಬೇಡರ ಮೇಲೆ ಸೇನೆ ಎರಗಿತು. ಊರು ಸುಟ್ಟಿತು, ಸೆರೆಸಿಕ್ಕ ಹಲವರು ಗಲ್ಲಿಗೇರಿದರು. ಲಾವಣಿಯಲ್ಲಿ ಉತ್ಪ್ರೇಕ್ಷೆಯಿದೆ, ಅದು ಚರಿತ್ರೆಯಲ್ಲ ಎಂದು ಆಕ್ಷೇಪಿಸಬಹುದು. ನಿಜ, ದಿನಾಂಕ, ಸಂಖ್ಯೆಗಳಿಗೆ ದಾಖಲೆಗಳನ್ನೇ ನೋಡಬೇಕು. ಆದರೆ ಸರ್ಕಾರಿ ಕಡತಕ್ಕೆ ಅವರು ಬರೀ ದಂಗೆಕೋರರು. ಆಯುಧ ಕೊಡುವುದೆಂದರೆ ಮಾನ ಕೊಟ್ಟಂತೆ ಎಂಬ ಅವರ ಒಳಗುದಿಯನ್ನು ಉಳಿಸಿದ್ದು ಹಾಡು. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಎಂಬುದೂ ಗಮನಾರ್ಹ. ಇಂಥ ಹಾಡು ಯುದ್ಧವನ್ನು ವೈಭವೀಕರಿಸುವುದಿಲ್ಲವೇ? ಶೌರ್ಯವನ್ನಷ್ಟೇ ಕೇಳಿದರೆ ಹೌದು. ತೆತ್ತ ಬೆಲೆಯನ್ನೂ ಕೇಳಿಸಿಕೊಂಡರೆ, ಯುದ್ಧದ ಬಗ್ಗೆ ಅದಕ್ಕಿಂತ ದೊಡ್ಡ ಎಚ್ಚರಿಕೆಯಿಲ್ಲ.